ಎಮ್ಮೆಯ ಪುಸ್ತಕದಲ್ಲಿ ಇಲ್ಲದ ಕತೆ

ಪುಸ್ತಕದಲ್ಲಿ ಇಲ್ಲದ ಕತೆಯನ್ನು ಇದೆ ಎಂದು ಹೇಳಿದೆ. ಅದೂ ಎರಡು ಸಲ. ಮೊದಲ ಸಲ ಹೇಳಿದಾಗ ಕೊಟ್ಟೂರಿನ ನಮ್ಮ ಗ್ರಂಥಾಲಯದಲ್ಲಿ ನಾನಲ್ಲದೆ ಮೂವರಿದ್ದರು — ಹಳೇ ಬಸ್ ನಿಲ್ದಾಣದ ಹತ್ತಿರ ಮೆಣಸಿನಕಾಯಿ ಬಜ್ಜಿ ಹಾಕುವ ಕೊಟ್ರಮ್ಮ, ಆಕೆಯ ಕಂಕುಳಲ್ಲಿ ಒಂಬತ್ತು ತಿಂಗಳ ಮೊಮ್ಮಗಳು ಸಿಂಚನ, ಕಿಟಕಿಯ ಪಕ್ಕ ಪೇಪರಿನ ಹಿಂದೆ ಕೂತಿದ್ದ ನಿವೃತ್ತ ಹೆಡ್‌ಮಾಸ್ತರ್ ರುದ್ರಪ್ಪನವರು. ನಾನು ಅಲ್ಲಿನ ಮೇಲ್ವಿಚಾರಕಿ. ಪುಸ್ತಕದ ವಿಷಯದಲ್ಲಿ ನನ್ನ ಮಾತನ್ನು ನಂಬದೆ ಇನ್ಯಾರ ಮಾತನ್ನು ನಂಬಬೇಕಿತ್ತು ಆಕೆ?

ಕೊಟ್ರಮ್ಮನ ಮಗಳು ಹಗರಿಬೊಮ್ಮನಹಳ್ಳಿಯಲ್ಲಿ ನರ್ಸ್. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯವರೆಗೆ ಕೂಸು ಅಜ್ಜಿಯದು. ಕೂಸಿಗೆ ಚಿತ್ರದ ಪುಸ್ತಕ ತೋರಿಸು ಎಂದು ಮಗಳೇ ಕಳಿಸಿದ್ದಳಂತೆ. ಅಜ್ಜಿಗೆ ಮನಸ್ಸಿರಲಿಲ್ಲ.

“ಮಾತೇ ಬರದ ಕೂಸಿಗೆ ಬುಕ್ಕು ಯಾಕ್ರಿ ಮೇಡಂ? ಬಾಯಾಗ ಇಟ್ಕಂತಾಳ ಅಷ್ಟ.”

“ಇಟ್ಕೊಳ್ಳಲಿ ಬಿಡ್ರಿ ಅಮ್ಮಾ. ಅದಕ್ಕಂತ ರಟ್ಟಿಂದು ಕೊಡ್ತೀನಿ.”

ಆರಿಸಿ ಕೊಟ್ಟೆ. ದಪ್ಪ ರಟ್ಟು, ದುಂಡನೆಯ ಮೂಲೆ, ಪುಟಕ್ಕೊಂದೇ ದೊಡ್ಡ ಚಿತ್ರ — ಒಂದು ಎಮ್ಮೆ, ಅದರ ಬೆನ್ನ ಮೇಲೆ ಒಂದು ಕೊಕ್ಕರೆ. ಓಣಿಯಲ್ಲಿ ಕಂಡದ್ದೇ ಪುಸ್ತಕದಲ್ಲೂ ಕಂಡರೆ ಕೂಸಿನ ಕಣ್ಣು ಅಲ್ಲಿ ನಿಲ್ಲುತ್ತದೆ ಎಂದೂ ಹೇಳಿದೆ. ಅಲ್ಲಿಯವರೆಗೆ ನಾನು ಆಡಿದ್ದೆಲ್ಲ ನಿಜ.

“ನನಗ ಅಕ್ಷರ ಬರಂಗಿಲ್ಲ. ಏನ್ ಬರ್ದಾರ, ಒಂದೀಟು ಓದ್ರಿ,” ಎಂದಳು.

ಬರೆದದ್ದು ಇಷ್ಟು: ಎಮ್ಮೆ ಕಪ್ಪು. ಕೊಕ್ಕರೆ ಬಿಳುಪು. ಎಮ್ಮೆ ದೊಡ್ಡದು. ಕೊಕ್ಕರೆ ಚಿಕ್ಕದು. ಇದನ್ನು ಓದಿದ್ದರೆ ಆಕೆ ಪುಸ್ತಕ ಅಲ್ಲೇ ಇಟ್ಟು ಎದ್ದು ಹೋಗುತ್ತಿದ್ದಳು — ಅಥವಾ ಹೋಗುತ್ತಿರಲಿಲ್ಲವೇನೋ, ಆ ಪರೀಕ್ಷೆಯನ್ನೇ ನಾನು ಮಾಡಲಿಲ್ಲ. ನನ್ನ ಅಜ್ಜಿಯ ತೊಡೆಯ ಮೇಲೆ ಮಾತು ಕಲಿತವಳು ನಾನು. ಚಿತ್ರದ ಮುಂದೆ ಬಾಯಿ ಸುಮ್ಮನಿರುವುದಿಲ್ಲ. ಅಕ್ಷರದ ಕೆಳಗೆ ಬೆರಳಿಟ್ಟೆ. ಶುರು ಮಾಡಿದೆ. ಎಮ್ಮೆ ತವರುಮನೆಗೆ ಹೊರಟಿದೆ. ಕೊಕ್ಕರೆ ಟಿಕೆಟ್ ಇಲ್ಲದೆ ಹತ್ತಿ ಕೂತಿದೆ. ಪುಟ ತಿರುವಿದಾಗಲೆಲ್ಲ ಕೊಕ್ಕರೆಯದು ಒಂದೇ ಮಾತು — “ಊರು ಬಂತೇನಕ್ಕಾ?” ಎಮ್ಮೆಯದೂ ಒಂದೇ ಉತ್ತರ — “ಕುಂದ್ರಲೇ ಸುಮ್ನ, ಬರ್ತೈತಿ.”

ಐದನೆಯ ಸಲಕ್ಕೆ ಕೂಸು ಹೊಟ್ಟೆ ಕುಣಿಸಿ ನಕ್ಕಿತು. ಅದನ್ನು ನೋಡಿ ಕೊಟ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

“ಇದೆಲ್ಲಾ ಇದರಾಗ ಬರ್ದಾರೇನ್ರಿ?”

“ಹ್ಞೂಂ,” ಎಂದೆ.

ಅಷ್ಟೇ. ಒಂದು ಹ್ಞೂಂ. ರುದ್ರಪ್ಪನವರ ಪೇಪರು ಸ್ವಲ್ಪ ಕೆಳಗಿಳಿಯಿತು, ನನ್ನನ್ನು ನೋಡಿತು, ಮತ್ತೆ ಮೇಲಕ್ಕೆ ಹೋಯಿತು.

ಆಮೇಲಿನ ಸಂಭ್ರಮವನ್ನು ಏನೆಂದು ಹೇಳಲಿ. ಕೊಟ್ರಮ್ಮ ಓಣಿಯ ಕೂಸುಗಳನ್ನೆಲ್ಲ ಕಟ್ಟೆಯ ಮೇಲೆ ಕೂಡಿಸಿಕೊಂಡು, ನನ್ನ ಹಾಗೆಯೇ ಬೆರಳು ಸರಿಸುತ್ತಾ ‘ಓದು’ತ್ತಿದ್ದಳು. ಗ್ರಂಥಾಲಯದ ಪುಸ್ತಕದಲ್ಲಿ ಎಮ್ಮೆಯ ಎರಡೂ ಕೋಡುಗಳು ಸಿಂಚನಳ ಹೊಟ್ಟೆ ಸೇರಿ, ಅದು ರದ್ದಿಗೆ ಹೋದ ಮೇಲೆ ಮಗಳು ಹೊಸಪೇಟೆಯಿಂದ ಅಂಥದ್ದೇ ಇನ್ನೊಂದನ್ನು ತಂದಳು. ನಾನೋ, ಬಂದ ತಾಯಂದಿರಿಗೆಲ್ಲ ಕೊಟ್ರಮ್ಮನ ಕಡೆ ಕೈ ತೋರಿಸಿ ಬೀಗುತ್ತಿದ್ದೆ.

ಸಿಂಚನ ಒಂದನೆಯ ಇಯತ್ತೆಗೆ ಹೋದಳು. ಅಕ್ಷರ ಕೂಡಿಸಲು ಕಲಿತಳು. ಒಂದು ದಿನ ಕೊಟ್ರಮ್ಮ ಆ ಹೊಸ ಪುಸ್ತಕ ಹಿಡಿದು ಬಂದಳು.

“ಮೇಡಂ, ಇದರಾಗ ಕತಿ ತಪ್ಪು ಅಚ್ಚಾಗೇತಿ ನೋಡ್ರಿ. ಕಪ್ಪು, ಬಿಳುಪು ಅಂತ ಏನೇನೋ ಐತಂತ. ‘ಅಜ್ಜಿ, ನಿನಗ ಓದಾಕ ಬರಂಗಿಲ್ಲ, ಬರೇ ಸುಳ್ಳು ಹೇಳ್ತಿದ್ದಿ’ ಅಂತಾಳ ಸಿಂಚನ.”

ನಗುತ್ತಲೇ ಹೇಳಿದಳು, ಆದರೆ ಆ ನಗು... ಆಗಲಾದರೂ ನಿಜ ಹೇಳಬಹುದಿತ್ತು. ಹೇಳಿದ್ದು ಇದು: “ಇದು ಹೊಸ ಅಚ್ಚು ಅಮ್ಮಾ. ನಿಮ್ಮ ಕತಿ ಹಳೇದ್ರಾಗಿತ್ತು, ಇದ್ರಾಗ ತಗದಾರ.”

ಆಕೆ ನಂಬಿದಳು. ನಂಬಿ, ಆ ಹಳೇ ಅಚ್ಚನ್ನು ಮೂರು ವರ್ಷ ಹುಡುಕಿದಳು. ಹಡಗಲಿಗೆ ನೆಂಟರ ಮನೆಗೆ ಹೋದರೆ ಅಲ್ಲಿ, ಕೂಡ್ಲಿಗಿಗೆ ಮದುವೆಗೆ ಹೋದರೆ ಅಲ್ಲಿ — ಪುಸ್ತಕದ ಅಂಗಡಿ ಕಂಡಲ್ಲೆಲ್ಲ ನಿಂತು, “ಎಮ್ಮಿ ತವರುಮನಿಗಿ ಹೋಗೋ ಬುಕ್ಕು ಐತೇನಪಾ?” ಎಂದು ಕೇಳುತ್ತಿದ್ದಳಂತೆ. ಕಟ್ಟೆಯ ಮೇಲೆ ಕತೆ ನಿಂತುಹೋಗಿತ್ತು. ಇತ್ತ ರುದ್ರಪ್ಪನವರು ದಿನಾ ಪೇಪರು ಎತ್ತಿಕೊಳ್ಳುತ್ತಾ ನನ್ನನ್ನು ಕೇಳುವರು — “ಏನವ್ವಾ, ಊರು ಬಂತೇನು?” ನಾನು ಕಪಾಟಿನ ಧೂಳು ಒರೆಸಲು ಹೋಗುತ್ತಿದ್ದೆ. ಧೂಳು ಇರುತ್ತಿರಲಿಲ್ಲ.

ಈ ವರ್ಷ ಮಗಳಿಗೆ ಗಂಡುಮಗುವಾಯಿತು. ಆ ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಸಿಂಚನಳ ಕೈ ಹಿಡಿದುಕೊಂಡು ಕೊಟ್ರಮ್ಮ ಬಂದಳು.

“ಇವನಿಗೂ ಆ ಕತಿ ಹೇಳಬೇಕಂತ ಆಸಿ ಐತ್ರಿ. ಹಳೇ ಬುಕ್ಕು ಎಲ್ಲೂ ಸಿಗವಲ್ದು. ಬುಕ್ಕಿಲ್ದ ಹೇಳಿದ್ರ ಈಕಿ ನಗ್ತಾಳ.”

ನಾನು ಎದ್ದು ನಿಂತೆ. ಸಿಂಚನಳನ್ನೇ ನೋಡಿ ಹೇಳಿದೆ — ಕೊಟ್ರಮ್ಮನ ಮುಖ ನೋಡುವ ಧೈರ್ಯವಿರಲಿಲ್ಲ. “ನಿಮ್ಮಜ್ಜಿ ಸುಳ್ಳು ಹೇಳಿಲ್ಲವ್ವಾ. ಹೇಳಿದಾಕಿ ನಾನು. ಹಳೇ ಬುಕ್ಕಿನಾಗೂ ಕಪ್ಪು ಬಿಳುಪೇ ಇತ್ತು. ಆ ಕತಿ ನಾನು ಕಟ್ಟಿದ್ದು.”

ಕೊಟ್ರಮ್ಮ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. ಆಮೇಲೆ, “ಹಂಗಾರ... ಆ ಎಮ್ಮಿ ಎಲ್ಲಿಗೂ ಹೋಗಿದ್ದಿಲ್ಲೇನ್ರಿ?” ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಳು.

ಕತೆ ಕಟ್ಟಿದ್ದಕ್ಕೆ ನನಗೆ ಬೇಸರವಿಲ್ಲ — ಬೇಸರವಿರುವುದು ಅಕ್ಷರದ ಕೆಳಗೆ ಬೆರಳಿಟ್ಟದ್ದಕ್ಕೆ, ಆ ಹ್ಞೂಂ ಅಂದದ್ದಕ್ಕೆ, ನನಗೆ ಸಲ್ಲಬೇಕಾದ ಸುಳ್ಳುಗಾರ್ತಿಯ ಹೆಸರನ್ನು ಆಕೆ ಮನೆಯಲ್ಲಿ ಹೊತ್ತು ತಿರುಗಲು ಬಿಟ್ಟದ್ದಕ್ಕೆ. ಈಗ ಕೂಸಿನ ತಾಯಿಗೆ ಪುಸ್ತಕ ಕೊಡುವಾಗ ಬರೆದದ್ದನ್ನು ಬರೆದಂತೆಯೇ ಓದುತ್ತೇನೆ. ಆಮೇಲೆ, “ಬರ್ದಿರೋದು ಇಷ್ಟು. ಉಳಿದದ್ದು ನೀವು ಹೇಳ್ರಿ,” ಎನ್ನುತ್ತೇನೆ. ಕೊಟ್ರಮ್ಮನಿಗೂ ಅಂದು ಅಷ್ಟೇ ಹೇಳಬೇಕಾಗಿತ್ತು.

ಕೊಟ್ರಮ್ಮ ಹಾಗೆ ಹೊರಟುಹೋಗಿ ಹತ್ತು ದಿನವಾದ ಮೇಲೆ ಸಿಂಚನ ಒಂದು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟಳು. ಅದೇ ಎಮ್ಮೆ, ಅದೇ ಕೊಕ್ಕರೆ. ಪ್ರತಿ ಪುಟದಲ್ಲೂ ಅಚ್ಚಿನ ಅಕ್ಷರದ ಕೆಳಗೆ ಗೆರೆ ಹಾಳೆಯ ಚೀಟಿ ಅಂಟಿಸಿತ್ತು, ಚೀಟಿಯ ತುಂಬ ದುಂಡನೆಯ ಅಕ್ಷರ.

“ಅಜ್ಜಿ ಹೇಳಿದ್ಲು, ನಾ ಬರ್ದೆ. ನಿಮ್ಮ ಕತಿಯಾಗ ಎಮ್ಮಿಗೆ ದಾರ್ಯಾಗ ಯಾರೂ ನೀರು ಕುಡಿಸಿದ್ದಿಲ್ಲಂತ. ಈಗ ಕುಡಿಸೇವಿ.”

ಅವಳ ಹಿಂದೆಯೇ ಕೊಟ್ರಮ್ಮ ಬಂದಳು. ನನ್ನೊಡನೆ ಮಾತಾಡದೆ ಚಾಪೆಯ ಮೇಲೆ ಕೂತು, ಕೂಸನ್ನು ತೊಡೆಗೇರಿಸಿಕೊಂಡು, ಚೀಟಿಯ ಕೆಳಗೆ ಬೆರಳಿಟ್ಟಳು. ಕೂಸು ಪುಸ್ತಕದ ಮೂಲೆಗೆ ಬಾಯಿ ಹಾಕಿತು.

ಕಿಟಕಿಯ ಪಕ್ಕದ ಪೇಪರು ಮೆಲ್ಲಗೆ ಕೇಳಿತು: “ಊರು ಬಂತೇನಕ್ಕಾ?”

ಕೊಟ್ರಮ್ಮ ತಲೆ ಎತ್ತದೆ ಹೆಡ್‌ಮಾಸ್ತರರಿಗೆ ಹೇಳಿದಳು: “ಕುಂದ್ರಲೇ ಸುಮ್ನ, ಬರ್ತೈತಿ.”