ಅಮರೇಶಪ್ಪನವರು ಉದುರಿಸಿದ ಚೂರು

ಕುಷಾಯಿಗೂಡದ ಕಾರ್ಖಾನೆಯಿಂದ ನಿವೃತ್ತರಾದ ಅಮರೇಶಪ್ಪನವರಿಗೆ ಯಾವ ವಿಷಯವೂ ಅರ್ಧ ತಿಳಿದರೆ ಸಾಕು. ಉಳಿದರ್ಧ ಅವರ ಸ್ವಂತ ಉತ್ಪಾದನೆ. ಹೀಗಾಗಿ ಅವರ ಹೆಂಡತಿ ಶಿವದೇವಿ ಡೆಂಗ್ಯೂ ಬಂದು ಆಸ್ಪತ್ರೆ ಸೇರಿದಾಗ, ಕಾಲೋನಿಯ ಜನ ಆಕೆಯ ಜೊತೆಗೆ ಡಾಕ್ಟರರಿಗಾಗಿಯೂ ಮರುಗಿದರು.

ಜ್ವರವೇನೋ ಇಳಿಯಿತು, ಆದರೆ ಅದರ ಹಿಂದೆಯೇ ರಕ್ತದೊತ್ತಡವೂ ಕುಸಿಯಿತು. ಡಾಕ್ಟರ್ ವನಜಾ ಸಲೈನ್ ಏರಿಸಿ, ಸಂಶೋಧನೆಗೆಂದು ಒಂದಿಷ್ಟು ರಕ್ತ ಹೆಚ್ಚಿಗೆ ಕೇಳಿದರು. ಸೋಂಕು ಜೋರಾದಾಗ ಜೀವಕೋಶಗಳು ತಮ್ಮ ಮೈಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳನ್ನು ಉದುರಿಸುತ್ತವೆ. ಗಟ್ಟಿಮುಟ್ಟಾದವರಲ್ಲೂ ಕೆಲವು ಇರುತ್ತವೆ. ಅತಿಯಾದರೆ ಅವು ನೆತ್ತರ ತುಂಬ ಸುತ್ತಾಡಿ ಉಳಿದ ಕೋಶಗಳನ್ನೂ ಕೆರಳಿಸಬಲ್ಲವು ಎಂದು ಹಿಂದಿಯಲ್ಲಿ ತಾಳ್ಮೆಯಿಂದ ತಿಳಿಸಿದರು. "ಇದು ಅಧ್ಯಯನಕ್ಕಷ್ಟೇ, ಗಾಬರಿ ಬೇಡ" ಎನ್ನುವಷ್ಟರಲ್ಲಿ ಅಮರೇಶಪ್ಪನವರು ಫೋನು ಹಿಡಿದು ವರಾಂಡ ಸೇರಿದ್ದರು.

ಖರೆ ಅಂದರೆ, ಶಿವದೇವಿಯಿಲ್ಲದ ಮನೆಯಲ್ಲಿ ಚಹಾಪುಡಿಯ ಡಬ್ಬಿ ಎಲ್ಲಿದೆಯೆಂದೂ ಅವರಿಗೆ ತಿಳಿಯದು. ಭಯವನ್ನು ಹೇಳಿಕೊಳ್ಳಲು ಬಾರದೆ ವಿಜ್ಞಾನ ಹೇಳಿದರು. ಬಳಗದ ವಾಟ್ಸಾಪ್ ಗುಂಪಿಗೆ ಅವರ ಧ್ವನಿ ಹೋಯಿತು: "ನೋಡ್ರಿ, ಇಕಿ ನೆತ್ತರದಾಗ ಜೀವಕೋಶ ಚೂರುಚೂರು ಆಗಾಕತ್ತಾವ. ಡಾಕ್ಟರು ನನ್ನ ಕೂಡ ಭಾಳ ಹೊತ್ತು ಚರ್ಚಾ ಮಾಡಿದ್ರು."

ಚರ್ಚೆಯ ಸಂಗತಿ ಯಾರ ಕಿವಿಗೂ ಬೀಳಲಿಲ್ಲ, 'ಚೂರುಚೂರು' ಅಷ್ಟೇ ಬಿತ್ತು. ಮುಖ ನೋಡುವುದಿದ್ದರೆ ಈಗಲೇ ನೋಡಬೇಕೆಂದು ಬಗೆದು ಯಾದಗಿರಿಯ ಬಳಗವೆಲ್ಲ ಮರುದಿನ ಕಾಚಿಗೂಡ ರೈಲು ನಿಲ್ದಾಣದಲ್ಲಿ ಇಳಿಯಿತು. ದುಃಖ ಎಷ್ಟೇ ಇರಲಿ, ನಮ್ಮ ಕಡೆಯವರು ಬರಿಗೈಲಿ ಬರುವವರಲ್ಲ. ರೊಟ್ಟಿಯ ಗಂಟು, ಶೇಂಗಾ ಚಟ್ನಿ ಜೊತೆಗಿದ್ದವು. ಶಿವದೇವಿಯ ಸೋದರತ್ತೆ ಹಂಪಮ್ಮ ವಾರ್ಡಿನ ಬಾಗಿಲಲ್ಲೇ ರಾಗ ತೆಗೆದಳು.

ಮಲಗಿದ್ದ ಶಿವದೇವಿ ಬೆಚ್ಚಿ ಎದ್ದಳು. "ಯಾರು ತೀರಿಕೊಂಡ್ರು, ಅತ್ತಿ?"

ರಾಗ ನಿಂತಿತು. "ನೀನೇ ಅಂತ ಬಂದೀವವ್ವಾ."

ಶಿವದೇವಿಯ ಎದೆ ಡವಗುಟ್ಟಿ, ಪಕ್ಕದ ಯಂತ್ರ ಬೊಬ್ಬೆ ಹಾಕಿತು. ಓಡಿ ಬಂದ ವನಜಾ ಬಳಗವನ್ನೆಲ್ಲ ಹೊರಗಟ್ಟಿದರು. "ನಿನ್ನೆಯಿಂದ ಸುಧಾರಿಸ್ತಿದ್ದಾರೆ. ಈಗ ಬೇಕಾಗಿರೋದು ನಿದ್ದೆ. ಇವರನ್ನೆಲ್ಲ ಕರೆಸಿದ್ದು ಯಾರು?"

ಅಮರೇಶಪ್ಪನವರು ಸಲೈನ್ ಬಾಟಲಿಯನ್ನು ಅಪಾರ ಆಸಕ್ತಿಯಿಂದ ನೋಡತೊಡಗಿದರು.

ಡಾಕ್ಟರು ಹೋದ ಮೇಲೆ ಶಿವದೇವಿ ಮೆಲ್ಲಗೆ ಹೇಳಿದಳು: "ಅವರು ಹೇಳಿದ್ದು ನಾನೂ ಕೇಳೀನ್ರಿ. ಕಷ್ಟಕ್ಕ ಬಿದ್ದ ಕೋಶ ಚೂರು ಉದುರಿಸಿ ಊರೆಲ್ಲ ಕೆರಳಸ್ತೈತಂತ. ನೀವು ಮಾಡಿದ್ದೂ ಅದೇ. ಹೆದರೀರೇನು?"

ಅಮರೇಶಪ್ಪನವರಿಗೆ ಉಳಿದರ್ಧ ಹೊಳೆಯಲಿಲ್ಲ. "ಭಾಳ," ಎಂದರು.

"ಹಂಗಾರ ಇಲ್ಲೇ ಕೂಡ್ರಿ. ಫೋನು ತರ್ರಿ ಈ ಕಡೆ."

ಫೋನು ದಿಂಬಿನಡಿ ಹೋಯಿತು. ಆಕೆಗೆ ಜೊಂಪು ಹತ್ತಿದಾಗ ಹಂಪಮ್ಮ ಬಾಗಿಲಲ್ಲಿ ಇಣುಕಿದಳು. "ಈಗ ಹೆಂಗದಾಳ್ರಿ, ಅಳಿಯಾರ?"

ಅಮರೇಶಪ್ಪನವರು ಬಾಯಿ ತೆರೆದರು. ದಿಂಬಿನತ್ತ ನೋಡಿದರು.

"ಮಲಗ್ಯಾಳ, ಅತ್ತಿ."

ಹಂಪಮ್ಮ ಮುಂದಿನ ಮಾತಿಗೆ ಬಹಳ ಹೊತ್ತು ಕಾದಳು. ಬರಲಿಲ್ಲ. ರೊಟ್ಟಿಯ ಗಂಟು ಬಿಚ್ಚಲು ಮೆಟ್ಟಿಲ ಕಡೆ ಹೋದಳು.