ಯಕೃತ್ತಿನೊಳಗಿನ ದಲ್ಲಾಳಿಗಳು

ಅಂಗಿಯ ಗುಂಡಿಗಳಲ್ಲಿ ಹೊಟ್ಟೆಯ ಮೇಲಿನದೇ ಯಾಕೆ ಮೊದಲು ಕಿತ್ತುಹೋಗುತ್ತದೆಂದು ಸಣಕಲರಾದ ನೀವು ಯೋಚಿಸಿರಲಿಕ್ಕಿಲ್ಲ, ನಾನು ಯೋಚಿಸಿದ್ದೇನೆ. ಸಿಂಧನೂರಿನ ಧಾನ್ಯಪೇಟೆಯಾದ ಗಂಜ್‌ನಲ್ಲಿ ಭತ್ತದ ದಲ್ಲಾಳಿಯಾಗಿ ಮೇಲೆ ಬಂದವನು ನಾನು. ಬೆಳೆಯುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಇಬ್ಬರ ನಡುವೆ ಕೂತು ನಾನು ಬೆಳೆದದ್ದು ಹೊಟ್ಟೆಯೊಂದನ್ನೇ. ನಮ್ಮ ಕಡೆ ಸೌದಾ ಕುದುರಿದರೆ ದಲ್ಲಾಳಿಯ ಬಾಯಿ ಸಿಹಿ ಮಾಡಬೇಕು, ಮುರಿದರೆ ಸಮಾಧಾನಕ್ಕೆ ಚಹಾ ಕುಡಿಸಬೇಕು. ತುರ್ವಿಹಾಳದ ರೈತನ ಜಿಲೇಬಿ ತಿಂದು ಮಸ್ಕಿಯ ಸಾಹುಕಾರನದನ್ನು ಒಲ್ಲೆನೆಂದರೆ ಪಕ್ಷಪಾತದ ಆರೋಪ ಬರುತ್ತಿತ್ತು. ನಿಷ್ಪಕ್ಷಪಾತಕ್ಕಾಗಿ ಇಷ್ಟು ತಿಂದ ನ್ಯಾಯಮೂರ್ತಿ ಇನ್ನೊಬ್ಬನಿರಲಾರ.

ತೊಂಬತ್ತರ ದಶಕದ ಕೊನೆಗೆ ಲಿಂಗಸುಗೂರಿನ ಡಾಕ್ಟರೊಬ್ಬರು ಸ್ಕ್ಯಾನ್ ಮಾಡಿಸಿ, ಯಕೃತ್ತಿನಲ್ಲಿ ಕೊಬ್ಬು ತುಂಬಿದೆ, ಎಷ್ಟು ಕುಡಿಯುತ್ತೀರಿ ಎಂದು ಕೇಳಿದರು. ಹನಿಯೂ ಇಲ್ಲವೆಂದೆ. “ಅರ್ಧಕ್ಕರ ಒಪ್ಪಿಕೊಳ್ರಿ” ಎಂದು ನಕ್ಕರು. ನನ್ನೊಡನೆ ಚೌಕಾಶಿಗಿಳಿದು ಗೆದ್ದವರು ಅವರೊಬ್ಬರೇ. ಯಾಕೆಂದರೆ ಪಕ್ಕದಲ್ಲಿ ನನ್ನ ಹೆಂಡತಿ ಶಾಂತಮ್ಮ ಕೂತಿದ್ದಳು, ಅವಳ ತಂದೆ ಕುಡಿದು ಕುಡಿದೇ ತೀರಿಕೊಂಡವರು. ಅವಳು ಡಾಕ್ಟರ ಮಾತನ್ನೇ ನಂಬಿದಳು. ಮನೆ ಸೇರಿದ ಮೇಲೆ, ಖರೇ ಹೇಳದಿದ್ದರೆ ಮಸ್ಕಿಯ ತವರಿಗೆ ಹೋಗಿಬಿಡುವೆನೆಂದಳು. ಖರೇ ಹೇಳಿಯಾಗಿತ್ತು, ಅದಕ್ಕೆ ಗಿರಾಕಿಯೇ ಇರಲಿಲ್ಲ.

ಈಗ ಜೀವಶಾಸ್ತ್ರ ಕಲಿಸುವ ನನ್ನ ತಂಗಿಯ ಮಗಳು ಬೇರೆಯೇ ಪುರಾಣ ಹೇಳುತ್ತಾಳೆ. ಜೀವಕೋಶದೊಳಗೆ ಆರ್‌ಎನ್‌ಎ ಎಂಬ ಎಳೆಗಳಿವೆಯಂತೆ. ಕೆಲವು ಪ್ರೋಟೀನು ಕಟ್ಟುವ ಅಪ್ಪಣೆ ಹೊತ್ತು ತಿರುಗುತ್ತವೆ. ಇನ್ನು ಕೆಲವು ತಾವೇನೂ ಕಟ್ಟಿಸದೆ, ಯಾವ ಅಪ್ಪಣೆ ನಡೆಯಬೇಕು, ಯಾವುದು ನಿಲ್ಲಬೇಕೆಂದು ನಡುವೆ ಬಾಯಿ ಹಾಕುತ್ತವೆ. ಇವುಗಳಲ್ಲಿ ಕೆಲವು ಹದ ತಪ್ಪಿದರೆ ಕುಡಿಯದವನ ಯಕೃತ್ತಿನಲ್ಲೂ ಕೊಬ್ಬು ಕೂಡಬಹುದಂತೆ. ಅಂದರೆ ನನ್ನೊಳಗೂ ದಲ್ಲಾಳಿಗಳೇ! ಪಂಡಿತರು ಬಹುಕಾಲ ಇಂಥವನ್ನು ಕಸವೆಂದೇ ತಿಳಿದಿದ್ದರಂತೆ. ನನ್ನ ಕಸುಬಿನ ಬಗ್ಗೆ ಮಾವನವರ ಅಭಿಪ್ರಾಯವೂ ಅದೇ ಆಗಿತ್ತು. ಆದರೆ ಶಾಂತಮ್ಮ ಖರೇ ಕೇಳಿದ ಆ ದಿನಗಳಲ್ಲಿ ಈ ಸಾಕ್ಷಿ ನನ್ನ ಕೈಯಲ್ಲಿರಲಿಲ್ಲ.

ಹೀಗಾಗಿ ಶಾಂತಮ್ಮ ತಾನೇ ಪರೀಕ್ಷೆಗೆಂದು ಒಂದು ದಿನ ಗಂಜ್‌ಗೆ ಬಂದು ಕೂತಳು. ಮುಕ್ಕುಂದದ ರೈತನ ಚಹಾ, ಖರೀದಿದಾರನ ಚಹಾ, ಜಗಳದ್ದೊಂದು, ರಾಜಿಯದೊಂದು, ನಡುನಡುವೆ ಜಿಲೇಬಿ, ಎಲ್ಲವನ್ನೂ ನೋಡಿದಳು. ನಿರ್ದೋಷಿಯೆಂಬ ತೀರ್ಪಿಗಾಗಿ ಸಂಜೆಯವರೆಗೆ ಕಾದೆ.

“ಸೆರೆ ಕುಡೀತಿದ್ರ ಬೈದು ಬಿಡಸ್ತಿದ್ದೆ. ನೀವು ಎಲ್ಲಾರ್ನೂ ಖುಷಿ ಮಾಡಾಕ ತಿನ್ನಾಕತ್ತೀರಿ, ಇದನ್ನ ಹೆಂಗ ಬಿಡಸ್ಲಿ?” ಎಂದಳು. ನನ್ನ ಮುಂದಿದ್ದ ಜಿಲೇಬಿಯನ್ನು ಆಚೆ ಸರಿಸಿ, “ನನ್ನ ಖುಷಿ ಮಾಡಾಕ ಒಂದಿನ ತಿನ್ನದ ಬರ್ರಿ.”

ಮರುದಿನ ಮಸ್ಕಿಯ ಸಾಹುಕಾರನ ಜಿಲೇಬಿ ಒಲ್ಲೆನೆಂದೆ. ಅವನು ಮುನಿಸಿಕೊಂಡು ಎದ್ದುಹೋದ, ಸೌದಾ ಮುರಿಯಿತು. ಮನೆಗೆ ಬಂದು ಹೇಳಿದೆ. ಶಾಂತಮ್ಮ ಪಕ್ಕದಲ್ಲಿ ಬಂದು ಕೂತಳು. ತವರಿಗೆ ಹೋಗುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಪುಕ್ಕಟೆ ಹೇಳುತ್ತೇನೆ, ಕೇಳಿ: ಮಾತು ಕುದುರಿದ ಮೇಲೆ ದಲ್ಲಾಳಿಯಾದವನು ಬಾಯಿ ತೆರೆಯಬಾರದು.