ಗುರುಪಾದನ ತಳ್ಳುವ ಕ್ರೇನು

ಗುರುಪಾದನ ಬಾಯಲ್ಲಿ ‘ಆಗೋದಿಲ್ಲ’ ಎಂಬ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಇಂಡಿ ಕಡೆಯಿಂದ ಬಂದು, ಮುಂಬಯಿಯ ಭಾಂಡುಪಿನ ಗೇರ್‌ಬಾಕ್ಸ್ ರಿಪೇರಿ ವರ್ಕ್‌ಶಾಪಿನಲ್ಲಿ ಕಸ ಗುಡಿಸುತ್ತಿದ್ದವನು ಈಗ ಅಲ್ಲಿಯ ದೊಡ್ಡ ವೆಲ್ಡರ್. ಅವನಿಗೆ ಕೆಲಸ ಕಲಿಸಿದವನು ಕಾಶಪ್ಪ. ಗೇರ್‌ಬಾಕ್ಸಿಗೆ ಚೈನು ಬಿಗಿದು, ಪೈಪು ತೂರಿಸಿ, ನಾಲ್ಕು ಜನ ಹೆಗಲು ಕೊಟ್ಟು ಎತ್ತುವುದು ಅಲ್ಲಿಯ ಪದ್ಧತಿ. ಇಪ್ಪತ್ತು ವರ್ಷ ಹೀಗೆ ಎತ್ತಿ ಕಾಶಪ್ಪನ ಸೊಂಟ ಕೈಕೊಟ್ಟಿತ್ತು. ಸೋಮವಾರದಿಂದ ಅವನ ಜಾಗಕ್ಕೆ ಬೇರೆ ಆಳು ಬರುತ್ತಾನೆ ಎಂದುಬಿಟ್ಟರು ಮಾಲೀಕ ಅನಿಲಶೇಠ್.

“ಚಾರ್ ದಿನ್ ದೇ ದೋ, ಶೇಠ್,” ಎಂದು ನಾಲ್ಕು ದಿನದ ಗಡುವು ಕೇಳಿದ ಗುರುಪಾದ.

ನೆಲದ ಮೇಲೆಯೇ ಸೀಮೆಸುಣ್ಣದಲ್ಲಿ ಕ್ರೇನಿನ ನಕ್ಷೆ ಬರೆದ. ನಿಲ್ಲಲು ಒಂದು ಕಂಬ, ತಲೆಯ ಮೇಲೆ ತೋಳು, ಆ ತೋಳನ್ನು ಮೇಲಕ್ಕೆ ನೂಕಲು ಲಾರಿಯ ಹೈಡ್ರಾಲಿಕ್ ಜ್ಯಾಕು, ಕೆಳಗೆ ಗಾಲಿ ಹಾಕಿದ ಉದ್ದನೆಯ ಎರಡು ಕಾಲು. ಕಾಲು ತೋಳಿಗಿಂತ ಮುಂದೆ ಚಾಚಿರಬೇಕು, ಇಲ್ಲದಿದ್ದರೆ ಭಾರಕ್ಕೆ ಮುಗ್ಗರಿಸುತ್ತದೆ. ಅದನ್ನು ತಿಳಿಯಲು ಅವನಿಗೆ ಕಾಲೇಜು ಬೇಕಾಗಿರಲಿಲ್ಲ. ಕಬ್ಬಿಣವೆಲ್ಲ ಭಂಗಾರ್ ಅಂಗಡಿಯ ಗುಜರಿ ಮಾಲು.

ಶನಿವಾರ ಬೆಳಿಗ್ಗೆ ಮುನ್ನೂರು ಕಿಲೋದ ಗೇರ್‌ಬಾಕ್ಸನ್ನು ತೂಗುಹಾಕಿ ಹ್ಯಾಂಡಲ್ ಒತ್ತಿದ. ಅದು ಜಗ್ಗದೆ ಮೇಲೆದ್ದಿತು. ಎಲ್ಲರೂ ಭೇಷ್ ಅನ್ನುವಷ್ಟರಲ್ಲಿ ಕ್ರೇನು ಭಾರದ ಸಮೇತ ಶಟರಿನ ಕಡೆ ಹೊರಟೇಬಿಟ್ಟಿತು! ಗುರುಪಾದ ತಟ್ಟನೆ ಜ್ಯಾಕಿನ ವಾಲ್ವು ಸಡಿಲಿಸಿ ಗೇರ್‌ಬಾಕ್ಸನ್ನು ನೆಲಕ್ಕಿಳಿಸಿದ. ಮಳೆಗಾಲದ ನೀರು ಹೊರಗೆ ಹರಿಯಲೆಂದು ಆ ನೆಲಕ್ಕೆ ಇಳಿಜಾರು ಕೊಟ್ಟು ಸಿಮೆಂಟು ಹಾಕಿದವನು ಬೇರೆ ಯಾರೂ ಅಲ್ಲ, ಅವನೇ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗಾಯಿತು. ಶೇಠ್ ನಕ್ಕರು. ಅವನೂ ನಕ್ಕ, ಆದರೆ ನಾಚಿಕೆಯಿಂದ ಕಿವಿ ಕೆಂಪಾಗಿತ್ತು.

ಮಧ್ಯಾಹ್ನದ ಊಟ ಬಿಟ್ಟು, ಕ್ರೇನಿನ ಹಿಂದಿನ ಎರಡೂ ಮೂಲೆಗೆ ತಿರುಗಿಸಿ ನೆಲಕ್ಕೆ ಒತ್ತುವ ಸ್ಕ್ರೂ ಕಾಲು ಕೂರಿಸಿದ. ಬಿಗಿದ ಮೇಲೆ ಕ್ರೇನು ಕೂದಲೆಳೆಯಷ್ಟೂ ಸರಿಯಲಿಲ್ಲ. ಹ್ಯಾಂಡಲ್ ಹಿಡಿಯಲು ಶೇಠ್ ಕೈಚಾಚಿದರು. ಗುರುಪಾದ ಅದನ್ನು ಕಾಶಪ್ಪನ ಕೈಗಿಟ್ಟ. “ಕಾಕಾ, ನೀವ ಒತ್ರಿ.”

ಕಾಶಪ್ಪ ನೆಟ್ಟಗೆ ನಿಂತು, ಒಂದೇ ಕೈಯಲ್ಲಿ ಒತ್ತುತ್ತ ಹೋದ. ಗೇರ್‌ಬಾಕ್ಸು ಅವನ ಎದೆಮಟ್ಟಕ್ಕೆ ಬಂದು ನಿಂತಿತು. ಶೇಠ್ ಅಲ್ಲೇ ಫೋನು ತೆಗೆದು, ಹೊಸಬನಿಗೆ ಬರುವುದು ಬೇಡ ಎಂದರು. ಗುರುಪಾದ ಎದೆಯುಬ್ಬಿಸಿ ಕಾಶಪ್ಪನ ಮುಖ ನೋಡಿದ.

ಕಾಶಪ್ಪನ ಕಣ್ಣು ತುಂಬಿತ್ತು. “ಮಾಡೂದ ಮಾಡಿದಿ, ಹತ್ತ ವರ್ಷ ಮೊದಲ ಮಾಡಬಾರದಿತ್ತೇನಲೇ?”

ಗುರುಪಾದ ತನ್ನ ಹೆಗಲು ಸವರಿಕೊಂಡ. ಆ ಹತ್ತು ವರ್ಷವೂ ಪೈಪಿನ ಇನ್ನೊಂದು ತುದಿಗೆ ಹೆಗಲು ಕೊಟ್ಟವನು ಅವನೇ.